ಪೆಟ್ಟಿಗೆ ತಪ್ಪಲ್ಲವಂತೆ, ಒಳಗಿನದು ತಪ್ಪಂತೆ!

ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಮುಂದುಗಡೆ ಒಂದು ಹೊಳೆಯುವ ಸ್ಟೀಲ್ ನಲ್ಲಿ. ಈಗ ಅದರೊಳಗೆ ಅವ್ವ ಉಳ್ಳಾಗಡ್ಡಿ ಇಟ್ಟಿದ್ದಾಳೆ. ಮಾಡಿಸಿದ್ದು ಮಾತ್ರ ಮನೆಯಲ್ಲೇ ಮಾಡಿದ ಬೀರು ಹಂಚಲಿಕ್ಕೆ. ಇವತ್ತಿನವರೆಗೂ ಆ ನಲ್ಲಿಯಿಂದ ಬೀರು ಒಂದು ಹನಿಯೂ ಬಿದ್ದಿಲ್ಲ.

ಯಾಕೆ ಬಿದ್ದಿಲ್ಲ ಅನ್ನೋದೇ ಈ ಬರಹ. ಕುಡಿಯೋ ವಿಷಯ ಬರೆದರೆ ಅರ್ಧ ಮಂದಿ "ಛೀ" ಅಂತಾರೆ, ಇನ್ನರ್ಧ ಮಂದಿ ಕಣ್ಣು ಮಿಟುಕಿಸ್ತಾರೆ. ಎರಡೂ ಬೇಡ. ಸ್ವಲ್ಪ ತಾಳ್ಮೆಯಿಂದ ಕೊನೆವರೆಗೂ ಓದಿ, ಆಮೇಲೆ ಬೈಯಿರಿ :)

ಕತೆ ಹೀಗೆ. ನನ್ನ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ಶನಿವಾರ ಬಂತು ಅಂದರೆ ಗ್ಯಾರೇಜಿನಲ್ಲಿ ಹಂಡೆ ಒಲೆಗೆ ಏರಿಸಿ ಬೀರು ಮಾಡ್ತಾನೆ. ಮಾರೋದಿಲ್ಲ. ಗೆಳೆಯರು ಬಂದಾಗ ಕೊಡ್ತಾನೆ, ಅವರ ಮನೆಗೆ ಹೋಗುವಾಗ ಒಯ್ತಾನೆ. ಒಯ್ಯಲಿಕ್ಕೆ ಅಂತಲೇ ಮರದ ಪೆಟ್ಟಿಗೆಯೊಂದನ್ನು ಮಾಡಿಕೊಂಡಿದ್ದಾನೆ. ಅದಕ್ಕೆ ಅಲ್ಲಿಯವರು ಜಾಕಿ ಬಾಕ್ಸ್ ಅಂತಾರೆ. ಉಪಾಯ ಸರಳ. ಪೆಟ್ಟಿಗೆಯೊಳಗೆ ಸ್ಟೀಲ್ ಕೊಳವೆಯ ಸುರುಳಿ, ಸುರುಳಿ ಮುಳುಗುವಷ್ಟು ಐಸು ಮತ್ತು ನೀರು. ಬೀರಿನ ಕೊಡ ಹೊರಗೇ ಇರುತ್ತದೆ. ಸಿಲಿಂಡರಿನ ಕಾರ್ಬನ್ ಡೈ ಆಕ್ಸೈಡ್ ಹಿಂದಿನಿಂದ ನೂಕುತ್ತದೆ. ಬೀರು ಸುರುಳಿಯೊಳಗೆ ಹಾದು ನಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಫ್ರಿಜ್ಜೂ ಬೇಡ, ಕರೆಂಟೂ ಬೇಡ. ಕರೆಂಟು ಬೇಡ ಅಂದ ಕೂಡಲೆ ನನಗೆ ನಮ್ಮೂರೇ ನೆನಪಾಯಿತು ನೋಡಿ!

ಒಂದು ಡಿಸೆಂಬರಿನಲ್ಲಿ ಎಳ್ಳಮಾಸಿಗೆ ಅಂತ ಬಂದವನು ಸೂಟ್‌ಕೇಸಿನಲ್ಲಿ 8 ಮಿಲಿಮೀಟರಿನ ಸ್ಟೀಲ್ ಕೊಳವೆ 15 ಮೀಟರ್, ಒಂದು ನಲ್ಲಿ, 19 ಲೀಟರಿನ ಒಂದು ಹಳೇ ಕೆಗ್ ತಂದಿದ್ದ. "ನಮ್ಮ ಹೊಲದ ಜೋಳದ್ದೇ ಬೀರು ಮಾಡೂಣು, ಚರಗದ ದಿನ ಮಂದಿಗೆ ಕುಡಸೂಣು" ಅಂದ. ಹೂಂ ಅಂದೆ. ಆಗ ಕಾನೂನು ಓದಿರಲಿಲ್ಲ.

ಪೆಟ್ಟಿಗೆ ನಾಲ್ಕು ತಾಲ್ಲೂಕು ತಿರುಗಿ ತಯಾರಾಯಿತು. ನಮ್ಮದು ಇಂಡಿ. ಬಡಿಗೇರ ಕಾಕಾ ಮುದ್ದೇಬಿಹಾಳದವರು. ಒಂದು ಕಾಲಕ್ಕೆ ಕೂರಿಗೆ, ಕುಂಟೆ, ಬಂಡಿ ಮಾಡುತ್ತಿದ್ದ ಕೈ. ಟ್ರ್ಯಾಕ್ಟರ್ ಬಂದ ಮೇಲೆ ಬಾಗಿಲು ಚೌಕಟ್ಟಿಗೆ ಇಳಿದಿದ್ದಾರೆ. ಕಾಗದದ ಮೇಲಿನ ಚಿತ್ರ ನೋಡಿ, ಸುರುಳಿ ನೋಡಿ, ನಲ್ಲಿ ತಿರುಗಿಸಿ ನೋಡಿ, "ಇದು ಕೂರಿಗಿನೇ ಬಿಡು. ಮ್ಯಾಲೆ ಬಟ್ಟಲದಾಗ ಹಾಕಿದ್ದು ಕೊಳವ್ಯಾಗ ಹಾದು ಕೆಳಗ ಬೀಳತದ. ಬೀಜದ ಬದಲಿ ನೀರು, ಅಷ್ಟ" ಅಂದರು. ನಾವು ಅರ್ಧ ಗಂಟೆ ವಿವರಿಸಿದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಮರ ಯಾವುದು ಅನ್ನೋದಕ್ಕೆ ಒಂದು ಸಂಜೆ ಹೋಯಿತು. ಜಾಲಿ ಗಟ್ಟಿ, ಆದರೆ ಎತ್ತೋರು ಯಾರು? ಬೇವು ಹುಳ ಬೀಳೋದಿಲ್ಲ, ಆದರೆ ವಾಸನೆ. ಕೊನೆಗೆ ಒಂದು ಹಳೇ ವಾಡೆಯ ಸಾಗವಾನಿ ಬಾಗಿಲು ಬಿಚ್ಚಿ ಹಲಗೆ ತೆಗೆದರು, ಹಿಡಿಕೆ ಮಾತ್ರ ಜಾಲಿಯದು. ಒಳಗೆ ಎರಡು ಇಂಚಿನ ಥರ್ಮೋಕೋಲ್, ಅದರೊಳಗೆ ಸ್ಟೀಲ್ ತಗಡಿನ ತೊಟ್ಟಿ. ಮರಕ್ಕೂ ಕುಡಿಯೋದಕ್ಕೂ ಎಲ್ಲೂ ಮುಟ್ಟೋದಿಲ್ಲ. ಮುಚ್ಚಳ ಬಿಗಿಯಾಗಿ ಕೂರಬೇಕು ಅಂತ ತಮ್ಮ ಹಟ ಮಾಡಿದ. ಕಾಕಾ ಸುತ್ತಲೂ ಒಂದು ಎಳೆ ಜಾಗ ಬಿಟ್ಟೇ ಕೂರಿಸಿದರು. "ಕಟಗಿ ನೀರ ಕುಡದ್ರ ಉಬ್ಬತದ ತಮ್ಮಾ. ಮನಷ್ಯಾನಂಗ. ಉಬ್ಬಾಕ ಜಾಗಾ ಬಿಡಬೇಕು." ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ಯಾಸಿಗೆ ಸಿಂದಗಿಗೆ ಹೋದೆವು. ಸಿಂದಗಿ ಅಂದ ಕೂಡಲೆ ಸಿಂದಿ ಅಂತ ತಮಾಷೆ ಮಾಡಬೇಡಿ, ಊರಿನ ಹೆಸರು ಸಿಂದ ಅರಸರಿಂದ ಬಂದದ್ದು ಅಂತಾರೆ. ನಾವು ಹೋಗಿದ್ದು ಸೋಡಾ ಮಾಡೋರ ಹತ್ತಿರ. ತಮ್ಮನ ಅಮೆರಿಕನ್ ರೆಗ್ಯುಲೇಟರಿನ ಥ್ರೆಡ್ಡು ಇಲ್ಲಿಯ ಸಿಲಿಂಡರಿಗೆ ಕೂರಲೇ ಇಲ್ಲ. ಸೋಡಾದವರು ನಕ್ಕು ತಮ್ಮದೇ ರೆಗ್ಯುಲೇಟರ್ ಕೊಟ್ಟರು. ಮೊದಲ ಪರೀಕ್ಷೆಗೆ ಲಿಂಬೆ ಶರಬತ್ತು ಹಾಕಿ ಒತ್ತಡ 12 ಪೌಂಡಿಗೆ ಇಟ್ಟರೆ ಬರೀ ನೊರೆ. ಫ್ರಿಜ್ಜಿನ ಕೆಗ್‌ಗೆ 10-12 ಸಾಕಂತೆ. ಆದರೆ 15 ಮೀಟರ್ ಕೊಳವೆ ದಾಟಬೇಕಾದರೆ ದಾರಿಯಲ್ಲೇ ಒತ್ತಡ ಸೋರಿ ಗ್ಯಾಸು ಬಿಟ್ಟುಕೊಳ್ಳುತ್ತದೆ. 28ಕ್ಕೆ ಏರಿಸಿದೆವು. ನಲ್ಲಿ ತಿರುಗಿಸಿದರೆ ಹಲ್ಲು ಜುಂ ಅನ್ನುವಷ್ಟು ತಣ್ಣನೆಯ ಲಿಂಬೆ ಸೋಡಾ! ಅಂದ ಹಾಗೆ ಅಮೆರಿಕದವರು ಬೀರಿಗೆ ಬಳಸುವ ಈ ಕೆಗ್‌ಗಳು ಮೂಲದಲ್ಲಿ ತಂಪು ಪಾನೀಯದ ಕಂಪನಿಗಳಿಗಾಗಿ ಮಾಡಿದ್ದು. ಅವರು ಸೋಡಾದ ಕೊಡಕ್ಕೆ ಬೀರು ತುಂಬಿದರು, ನಾವು ಬೀರಿನ ಪೆಟ್ಟಿಗೆಗೆ ಸೋಡಾ ತುಂಬಿದೆವು. ಲೆಕ್ಕ ಚುಕ್ತಾ.

ಯಾಕೆ ಸೋಡಾ? ಅಷ್ಟೊತ್ತಿಗೆ ನಾನು 1965ರ ಕರ್ನಾಟಕ ಅಬಕಾರಿ ಕಾಯ್ದೆ ತೆಗೆದು ಓದಿದ್ದೆ. 13ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮಾದಕ ಪಾನೀಯ ಯಾವುದನ್ನೂ ತಯಾರಿಸುವಂತಿಲ್ಲ. ತಯಾರಿಸುವ ಉದ್ದೇಶಕ್ಕೆ ಪಾತ್ರೆ ಪಗಡ ಇಟ್ಟುಕೊಳ್ಳುವುದೂ ತಪ್ಪು. ಮಾರಾಟಕ್ಕಲ್ಲ, ಮನೆಮಟ್ಟಿಗೆ, ಇಪ್ಪತ್ತೇ ಲೀಟರು ಅಂತೆಲ್ಲ ಅಂದರೆ ಕೇಳೋರಿಲ್ಲ.

ಹಾಗಾಗಿ ಎಳ್ಳಮಾಸಿ ದಿನ ಬಸವನ ಬಾಗೇವಾಡಿ ಕಡೆಯ ಅವ್ವನ ತವರಿನ ಹೊಲಕ್ಕೆ ಪೆಟ್ಟಿಗೆ ಹೊರಟಿದ್ದು ಇಂಡಿ ಲಿಂಬೆಯ ಪಾನಕ ತುಂಬಿಕೊಂಡು. ದಾರಿಯಲ್ಲಿ ಖಾಕಿ ಹಾಕಿದವರೊಬ್ಬರು ಟಂಟಂ ನಿಲ್ಲಿಸಿದರು. ಮರದ ಪೆಟ್ಟಿಗೆ, ನಲ್ಲಿ, ಸಿಲಿಂಡರು ನೋಡಿದರೆ ಯಾರಿಗಾದರೂ ಸಂಶಯ ಬರಬೇಕಾದ್ದೇ. ಮೂಸಿದರು. ಒಂದು ಗ್ಲಾಸು ಕುಡಿದರು. ಇನ್ನೊಂದು ಕುಡಿದರು. "ಪೆಟಿಗಿ ಇಟ್ಕೊಂಡ್ರ ಏನೂ ತಪ್ಪಿಲ್ರಿ. ಒಳಗ ಏನ್ ಹಾಕ್ತೀರಿ, ಅದರ ಮ್ಯಾಲೆ ಅದ" ಅಂದು ಬಿಟ್ಟರು. ಒಳ್ಳೆಯ ಮನುಷ್ಯ, ತನ್ನ ಕೆಲಸ ತಾನು ಮಾಡಿದ. ನನ್ನ ಜಗಳ ಅವರ ಜೊತೆ ಅಲ್ಲ.

ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು, ಎಲ್ಲರೂ ಪೆಟ್ಟಿಗೆಗೆ ಮುಗಿಬಿದ್ದರು. ಹುಡುಗರು, ಮುದುಕರು, ಹೆಣ್ಣುಮಕ್ಕಳು. 19 ಲೀಟರು ಒಂದು ತಾಸಿನಲ್ಲಿ ಖಾಲಿ. ಸುತ್ತ ಹಿಂಗಾರಿ ಜೋಳ ತೆನೆ ಹಿರಿಯುತ್ತಿತ್ತು. ತಮ್ಮ ಅದನ್ನೇ ನೋಡುತ್ತಾ ಕೂತಿದ್ದ.

ಈಗ ಅಸಲಿ ಮಾತಿಗೆ ಬರೋಣ.

ಈ ಸೀಮೆಯ ರೈತ ಜೋಳ ಬೆಳೆದು ಅದರಿಂದ ಇಪ್ಪತ್ತು ಲೀಟರ್ ಬೀರು ಮಾಡಿದರೆ ಅಪರಾಧಿ. ಅದೇ ರೈತ ಕಬ್ಬು ಬೆಳೆಯಲಿ. ಕಬ್ಬು ಫ್ಯಾಕ್ಟರಿಗೆ ಹೋಗುತ್ತದೆ, ಕಾಕಂಬಿ ಡಿಸ್ಟಿಲರಿಗೆ ಹೋಗುತ್ತದೆ, ಸ್ಪಿರಿಟ್ಟಿಗೆ ಬಣ್ಣ ವಾಸನೆ ಕೂಡಿ 'ವಿಸ್ಕಿ' ಅಂತ ಹೆಸರಿಟ್ಟುಕೊಂಡು ಅದೇ ಊರಿಗೆ ಟೆಟ್ರಾಪ್ಯಾಕಿನಲ್ಲಿ ವಾಪಸ್ ಬರುತ್ತದೆ. ಅದು ಅಪರಾಧವಲ್ಲ, ಆದಾಯ! ಶೇಕಡಾ 5ರ ಬೀರು ಇಪ್ಪತ್ತು ಲೀಟರಿನಲ್ಲಿ ಇರುವ ಮದ್ಯಸಾರ ಒಂದು ಲೀಟರು. ಶೇಕಡಾ 42.8ರ ವಿಸ್ಕಿಯಾದರೆ ಅಷ್ಟೇ ಮದ್ಯಸಾರ 180 ಮಿಲಿಯ 13 ಪ್ಯಾಕಿನಲ್ಲಿ ಬರುತ್ತದೆ, ಕೈಚೀಲದಲ್ಲಿ ಹಿಡಿಸುತ್ತದೆ. ಇಪ್ಪತ್ತು ಲೀಟರಿಗೆ ಪೆಟ್ಟಿಗೆ ಬೇಕು, ಕೆಗ್ ಬೇಕು, ಹೊರಲಿಕ್ಕೆ ಇಬ್ಬರು ಬೇಕು, ಕುಡಿಯಲಿಕ್ಕೆ ಮೂವತ್ತು ಮಂದಿ ಬೇಕು. ಕದ್ದು ಕುಡಿಯೋ ಸಾಮಾನೇ ಅಲ್ಲ ಅದು.

2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ಚಿಲ್ಲರೆಗೆ ಖಾಸಗಿಯವರ ಜೊತೆ ಸರಕಾರಿ ಎಂಎಸ್‌ಐಎಲ್ ಅಂಗಡಿಗಳೂ ಇವೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಅಂದರೆ ಮುಟ್ಟಲೇಬೇಕಾದ್ದು. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಸಾಗಬೇಕು ಅನ್ನುತ್ತದೆ, ಬಜೆಟ್ಟು ಇನ್ನಷ್ಟು ಕುಡಿಸು ಅನ್ನುತ್ತದೆ. ಈ ಎರಡರ ನಡುವೆ ಸರಕಾರಕ್ಕೆ ಸಿಕ್ಕ ತಪ್ಪಿತಸ್ಥ ಯಾರು? ಮನೆಯಲ್ಲಿ ಮಾಡಿಕೊಳ್ಳೋನು!

2007 ನೆನಪಿದೆಯಾ? ಜುಲೈ 1ರಿಂದ ಸಾರಾಯಿ ನಿಷೇಧ. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ಬಿಜಾಪುರದ ದ್ರಾಕ್ಷಿ ಕೊಳೆತರೆ ಸಂಸ್ಕೃತಿ, ಅದೇ ಬಿಜಾಪುರದ ಜೋಳ ಹುಳಿ ಬಂದರೆ ಕೇಸು. ಇನ್ನೊಂದು ಮೂರ್ನಾಲ್ಕು ವರ್ಷಕ್ಕೆ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಬಾಗಿಲು ತೆರೆದವು. ಗಾಜಿನ ಹಿಂದೆ ತಾಮ್ರದ ಹಂಡೆ ನೋಡುತ್ತಾ ಕುಡಿಯೋದು ಫ್ಯಾಷನ್ನು. ನಮ್ಮ ಅಡಿಗೆಮನೆಯ ಹಂಡೆ ಮಾತ್ರ ಸಾಕ್ಷ್ಯ.

"ಮನೆಯಲ್ಲಿ ಮಾಡಿದರೆ ವಿಷವಾಗಿ ಮಂದಿ ಸಾಯ್ತಾರೆ" ಅನ್ನೋರಿಗೆ ಒಂದು ಮಾತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಹೊಸೂರು ಸುತ್ತ 150ಕ್ಕೂ ಹೆಚ್ಚು ಮಂದಿ ಸತ್ತಿದ್ದು ಕಳ್ಳಭಟ್ಟಿಯಿಂದ, ಅದಕ್ಕೆ ಬೆರೆಸಿದ ಮೆಥನಾಲಿನಿಂದ. ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ. ಭಟ್ಟಿ ಇಳಿಸೋದು ಬೇರೆ, ಹುಳಿ ಹಿಡಿಸೋದು ಬೇರೆ. ಕಾಳು ಹುಳಿ ಹಿಡಿಸಿ ಮಾಡಿದ ಬೀರಿನಲ್ಲಿ ಕೊಲ್ಲುವಷ್ಟು ಮೆಥನಾಲ್ ಹುಟ್ಟೋದಿಲ್ಲ. ಹಾಗಂತ ಜೋಳದಲ್ಲಿ ಅಪಾಯವೇ ಇಲ್ಲ ಅಂತಲ್ಲ. ಮೊಳಕೆಯ ಚಿಗುರಿನಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ, ಒಣಗಿಸಿ ಚಿಗುರು ಬೇರು ತಿಕ್ಕಿ ತೆಗೆಯಬೇಕು. ಎಳೆ ಜೋಳ ಮೇಯಲಿಕ್ಕೆ ದನ ಬಿಡಬಾರದು ಅನ್ನೋದು ಇಲ್ಲಿಯ ರೈತರಿಗೆ ಗೊತ್ತು. ಆಫ್ರಿಕಾದಲ್ಲಿ ಹೆಂಗಸರು ತಲೆತಲಾಂತರದಿಂದ ಜೋಳದ ಬೀರು ಮಾಡುತ್ತಾ ಬಂದಿದ್ದಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ದೊಡ್ಡ ದೊಡ್ಡ ಬ್ರೂವರಿಗಳೇ ಜೋಳಕ್ಕೆ ತಿರುಗಿದವು. ಅಲ್ಲಿ ವಿದ್ಯೆ, ಇಲ್ಲಿ ಗುಟ್ಟು. ಗುಟ್ಟಾಗಿ ಮಾಡಿದ್ದರಲ್ಲೇ ಅಪಾಯ ಜಾಸ್ತಿ, ತಿಳಿದವರನ್ನು ಕೇಳಲಿಕ್ಕೂ ಹೆದರಿಕೆ.

ಇಷ್ಟೆಲ್ಲ ಭಾಷಣ ನಾನು ಅವ್ವನ ಮುಂದೆಯೂ ಮಾಡಿದೆ. ಸೋತೆ.

ಅವ್ವನ ಅಣ್ಣ, ನನ್ನ ಸೋದರಮಾವ, ಕುಡಿದೇ ಸತ್ತ. ಸಾರಾಯಿ ಪಾಕೀಟಿನಿಂದ ಶುರು. 2007ರಲ್ಲಿ ಸಾರಾಯಿ ಬಂದ್ ಆದಾಗ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಮಾವ ಒಂದು ವಾರ ಮನೆಯಲ್ಲಿದ್ದ. ಆಮೇಲೆ ಲೈಸೆನ್ಸ್ ಇರುವ ಅಂಗಡಿಯ ದಾರಿ ಹಿಡಿದ. 2011ರಲ್ಲಿ ಹೋದ. ಅವನು ಕುಡಿದದ್ದೆಲ್ಲ ಕಾನೂನುಬದ್ಧ ಮಾಲು, ಪ್ರತಿ ಪ್ಯಾಕಿನ ಮೇಲೂ ಸರಕಾರದ ಚೀಟಿ ಇತ್ತು. "ಸಾರಾಯಿ ಹೋತು, ಕುಡ್ಯಾದು ಹೋಗ್ಲಿಲ್ಲ" ಅನ್ನುತ್ತಾಳೆ ಅವ್ವ, ಈಗಲೂ.

ಪೆಟ್ಟಿಗೆ ನೋಡಿ ಅವಳು ಹೇಳಿದ್ದು ಇಷ್ಟು: "ಅಂಗಡ್ಯಾಗ ಕುಡದ್ರ ಅಂವ ಒಬ್ಬಾಂವ ಕೆಡ್ತಾನ. ಮನ್ಯಾಗ ಮಾಡಿದ್ರ ಹುಡುಗೂರು ನೋಡ್ತಾವ. ಬ್ಯಾಡ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ತಮ್ಮನ ಮಕ್ಕಳು ಗ್ಯಾರೇಜಿನ ಬೀರು ನೋಡುತ್ತಲೇ ಬೆಳೆದಿವೆ, ಕೆಟ್ಟಿಲ್ಲ ಅನ್ನಬಹುದು. ಆದರೆ ಅವನ ಮನೆಯಲ್ಲಿ ಯಾರೂ ಕುಡಿದು ಸತ್ತಿಲ್ಲ. ಅವ್ವ ಬೇಡ ಅಂದಳು, ಮುಗಿಯಿತು. ಅದಕ್ಕೇ ಪೆಟ್ಟಿಗೆಯಲ್ಲಿ ಉಳ್ಳಾಗಡ್ಡಿ ಇದೆ. ನಾಳೆ ಕಾನೂನು ಹೂಂ ಅಂದರೂ ಅವ್ವ ಊಹೂಂ ಅಂದರೆ ಉಳ್ಳಾಗಡ್ಡಿಯೇ ಇರುತ್ತದೆ.

ಆದರೆ ಇಲ್ಲೇ ನೋಡಿ ನನ್ನ ಇಡೀ ವಾದ ನಿಂತಿರೋದು. ನಾನು ಪೆಟ್ಟಿಗೆ ಮಾಡಿದಾಗ ಅವ್ವನನ್ನು ಕೇಳಬೇಕಾಯಿತು. ಅವಳು ಬೇಡ ಅಂದಳು, ನಿಂತಿತು. ಊರ ಹೊರಗೆ ಅಂಗಡಿ ಬಂದಾಗ ಅವಳನ್ನು ಯಾರು ಕೇಳಿದರು? ಮನೆಯ ಬೀರಿಗೆ ಮನೆಯವರ ಹಿಡಿತ ಇದೆ. ಎಷ್ಟು ಮಾಡಿದ, ಯಾರಿಗೆ ಕೊಟ್ಟ, ಎಷ್ಟು ಕುಡಿದ ಎಲ್ಲ ಎದುರಿಗೇ ಕಾಣುತ್ತದೆ. ಅಂಗಡಿಯ ಪ್ಯಾಕಿಗೆ 40,000 ಕೋಟಿಯ ಹಿಡಿತ ಒಂದೇ. ಅವ್ವನ 'ಬ್ಯಾಡ'ಕ್ಕೆ ಹೆದರುವ ಕುಡಿತವನ್ನು ಕಾನೂನು ನಿಷೇಧಿಸಿತು, ಅವಳ 'ಬ್ಯಾಡ' ಕೇಳಿಸಿಕೊಳ್ಳದ ಕುಡಿತಕ್ಕೆ ಲೈಸೆನ್ಸ್ ಕೊಟ್ಟಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ 1908ರ ಕಾನೂನಿನ ನಂತರ ಜೋಳದ ಬೀರು ಮಾಡಿ ಮಾರುವ ಏಕಸ್ವಾಮ್ಯ ನಗರಸಭೆಯದಾಯಿತು. ಹೆಂಗಸರು ಮನೆಯಲ್ಲಿ ಮಾಡಿದರೆ ಪೊಲೀಸರು ಬಂದು ಚೆಲ್ಲುತ್ತಿದ್ದರು, ಗಂಡಸರು ನಗರಸಭೆಯ ಬೀರ್‌ಹಾಲಿನಲ್ಲಿ ಕೂಲಿ ಕಳೆಯುತ್ತಿದ್ದರು. ಬಂದ ಲಾಭದಲ್ಲಿ ಕರಿಯರ ಮೇಲಿನ ಆಡಳಿತದ ಖರ್ಚು! 1959ರ ಜೂನಿನಲ್ಲಿ ಕೇಟೋ ಮ್ಯಾನರಿನ ಹೆಂಗಸರು ಆ ಬೀರ್‌ಹಾಲಿಗೇ ನುಗ್ಗಿದರು. ನಮ್ಮಲ್ಲಿ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಆ ಹೆಂಗಸರು ಕೇಳಿದ್ದೂ ಈ ಹೆಂಗಸರು ಕೇಳಿದ್ದೂ ಒಂದೇ ಅಲ್ಲ, ಗೊತ್ತು. ಆದರೆ ಎರಡೂ ಕಡೆ ಸಿಟ್ಟು ತಿರುಗಿದ್ದು ಸರಕಾರದ ಗಲ್ಲಾಪೆಟ್ಟಿಗೆಯ ಕಡೆ, ಮನೆಯ ಹಂಡೆಯ ಕಡೆ ಅಲ್ಲ.

ಬೇರೆಯವರು ಏನು ಮಾಡಿದರು? ಇಂಗ್ಲೆಂಡಿನಲ್ಲಿ 1963ರಲ್ಲಿ ಮನೆಬೀರಿನ ಲೈಸೆನ್ಸನ್ನೇ ತೆಗೆದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಒಬ್ಬ ವಯಸ್ಕ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200, ಮಾರುವಂತಿಲ್ಲ. ಹಾಗಿದ್ದೂ ಮಿಸಿಸಿಪ್ಪಿ, ಅಲಬಾಮಾ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ದೂರದ ಮಾತು ಬೇಡ ಅಂದರೆ ಪಕ್ಕದ ಗೋವಾ 2016ರಲ್ಲಿ ಫೆನಿಯನ್ನು ಪಾರಂಪರಿಕ ಪಾನೀಯ ಅಂತ ಘೋಷಿಸಿತು. ಅಸ್ಸಾಮಿನ ದಿಮಾಸಾ ಜನರ ಅಕ್ಕಿಯ ಜುಡಿಮಾಗೆ 2021ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ನಮ್ಮ ಇಂಡಿ ಲಿಂಬೆಗೂ ಜಿಐ ಇದೆ. ಪಾನಕದ ತನಕ ನಮಗೂ ಮರ್ಯಾದೆ ಇದೆ ಅಂತಾಯಿತು :)

"ಬಸವಣ್ಣ ಹುಟ್ಟಿದ ನೆಲದಲ್ಲಿ ನಿಂತು ಇಂಥಾ ಮಾತಾ?" ಅಂತ ಬಾಗೇವಾಡಿಯ ಹಿರಿಯರೊಬ್ಬರು ಕೇಳಿದರು. ಅಲ್ಲರೀ, ಆ ಶರಣರ ನಡುವೆ ಹೆಂಡದ ಮಾರಯ್ಯ ಇದ್ದನಲ್ಲ? ಹೆಂಡ ಮಾರುವುದೇ ಅವನ ಕಾಯಕ. ಅವನ ವಚನಗಳು ಹೆಂಡವನ್ನು ಹೊಗಳೋದಿಲ್ಲ, ಒಪ್ಪಿದೆ. ಆದರೆ ಹೆಂಡದ ಕಸುಬಿನವನು ಅಂತ ಅವನನ್ನು ಹೊರಗೆ ನಿಲ್ಲಿಸಲೂ ಇಲ್ಲ, ಅವನಿಗೆ ಹೆಸರಿತ್ತು, ಮಾತಿತ್ತು. ಈಗ ಮಾರುವವನಿಗೆ ಹೆಸರಿಲ್ಲ, ನಿಗಮ ಇದೆ. ಬಸವಣ್ಣನ ನೆಲಕ್ಕೆ ಬರೋ ಟೆಟ್ರಾಪ್ಯಾಕಿನ ಲಾರಿಯನ್ನು ಈ ಹಿರಿಯರು ಒಂದು ದಿನವಾದರೂ ನಿಲ್ಲಿಸಿ ಇದೇ ಪ್ರಶ್ನೆ ಕೇಳಿದ್ದಾರಾ?

ಸರಿ, ನನಗೆ ಏನು ಬೇಕು? ಎರಡೇ.

ಒಂದು, ಭಟ್ಟಿ ಇಳಿಸದೆ, ಮಾರದೆ, ಮನೆಮಟ್ಟಿಗೆ, ಇಷ್ಟೇ ಲೀಟರು ಅಂತ ಮಿತಿ ಹಾಕಿ ಕಾಳಿನದೋ ಹಣ್ಣಿನದೋ ಪಾನೀಯ ಮಾಡಿಕೊಳ್ಳಲಿಕ್ಕೆ ಬಿಡಿ. ಬೇಕಾದರೆ ಪಂಚಾಯ್ತಿಯಲ್ಲಿ ಹೆಸರು ಬರೆಸಿಕೊಳ್ಳಿ.

ಎರಡು, ಅದಕ್ಕಿಂತ ಮೊದಲು ಆಗಬೇಕಾದ್ದು. ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ ಊರಿನ ಅರ್ಧದಷ್ಟು ಹೆಣ್ಣುಮಕ್ಕಳು ಮತ ಹಾಕಿ ಹೆಂಡದಂಗಡಿ ಮುಚ್ಚಿಸಬಹುದು. ಮತಚೀಟಿಯಲ್ಲಿ ಎರಡು ಚಿತ್ರ, ನಿಂತ ಬಾಟಲಿ ಒಂದು, ಅಡ್ಡ ಮಲಗಿದ ಬಾಟಲಿ ಒಂದು. ಆ ಚೀಟಿ ಇಂಡಿಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ, ಬಾಗೇವಾಡಿಗೆ ಬರಲಿ. ನನ್ನ ಪೆಟ್ಟಿಗೆಯನ್ನೂ ಅದರಲ್ಲೇ ಸೇರಿಸಿ. ಊರ ಹೆಣ್ಣುಮಕ್ಕಳು ಪೆಟ್ಟಿಗೆಯೂ ಬೇಡ ಅಂದರೆ ತಲೆಬಾಗಿ ಒಪ್ಪುತ್ತೇನೆ. ಆದರೆ ಆ ಬೇಡ ಅಂಗಡಿಗೂ ಅನ್ವಯ ಆಗಬೇಕು.

ಬಡಿಗೇರ ಕಾಕಾ ಹೇಳಿದ್ದು ನೆನಪಿದೆಯಲ್ಲ? ಉಬ್ಬಲಿಕ್ಕೆ ಜಾಗ ಬಿಡದಿದ್ದರೆ ಮುಚ್ಚಳ ಸಿಕ್ಕಿಕೊಳ್ಳುತ್ತದೆ, ಇಲ್ಲಾ ಹಲಗೆ ಸೀಳುತ್ತದೆ. ನಮ್ಮ ಕಾನೂನು ಮಾಡಿದವರಿಗೆ ಅವರ ಹತ್ತಿರ ಒಂದು ವಾರ ಕೆಲಸಕ್ಕೆ ಹಚ್ಚಬೇಕು.

ಈ ಬೇಸಿಗೆಗೆ ಅವ್ವ ಉಳ್ಳಾಗಡ್ಡಿ ತೆಗೆದು ಪೆಟ್ಟಿಗೆ ತೊಳೆದು ಕೊಡ್ತೀನಿ ಅಂದಿದ್ದಾಳೆ. ಬಸ್ ಸ್ಟ್ಯಾಂಡ್ ಹತ್ತಿರ ಅರವಟ್ಟಿಗೆ ಇಡೋ ಆಲೋಚನೆ. ನೀರು, ಮಜ್ಜಿಗೆ, ಲಿಂಬೆ ಪಾನಕ. ಸಿಲಿಂಡರಿಗೆ ಸಿಂದಗಿಯವರಿಗೆ ಹೇಳಿ ಬಂದಿದ್ದೇನೆ. ಈ ಕಡೆ ಬಂದರೆ ಒಂದು ಗ್ಲಾಸು ಕುಡಿದು ಹೋಗಿ, ಬೈಯೋದಿದ್ದರೆ ಅಲ್ಲೇ ಬೈಯಿರಿ. ಅಲ್ಲೀತನಕ ಕಾಮೆಂಟು ಇದ್ದೇ ಇದೆ. ಹೇಳಿ, ನೀವೇನಂತೀರಿ?